ಕೀಮೋ ದಿನಗಳಲ್ಲಿ ಹಗುರವಾದ ಒಂದು ಕೈ

ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ಕಾಡುವ ಆತಂಕಕ್ಕೆ ಮಸಾಜ್ ಎಷ್ಟು ಸಹಾಯ ಮಾಡುತ್ತೆ? ಇವತ್ತು ಅದನ್ನೇ ಮಾತಾಡೋಣ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರು ಕೀಮೋ, ರೇಡಿಯೇಷನ್ ಅಂದ್ರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಬೆಂಗಳೂರಿನ ಕಿದ್ವಾಯಿಗೋ ಹೋಗೋದುಂಟು. ಬಸ್ಸಿನಲ್ಲಿ ಕೂತಾಗ, ರಿಪೋರ್ಟ್‌ಗೆ ಕಾಯುವಾಗ, ರಾತ್ರಿ ನಿದ್ದೆ ಬಾರದಾಗ ಭಯ ಜೊತೆಗೇ ಇರುತ್ತೆ. ಅಂಥ ಹೊತ್ತಲ್ಲೇ ಮನೆಯವರು ಮುಟ್ಟೋದು ಕಡಿಮೆ ಮಾಡ್ತಾರೆ. ಕೆಲವರಿಗೆ ಅಂಟುತ್ತೇನೋ ಅನ್ನೋ ಅಂಜಿಕೆ, ಕೆಲವರಿಗೆ ನೋವಾದೀತು ಅನ್ನೋ ಕಾಳಜಿ. ಕ್ಯಾನ್ಸರ್ ಮುಟ್ಟಿದರೆ ಅಂಟಲ್ಲ. ಹಗುರ ಮಸಾಜ್‌ನಿಂದ ಅದು ಹರಡುತ್ತೆ ಅನ್ನೋದಕ್ಕೂ ಪುರಾವೆ ಇಲ್ಲ.

ನಾನು ಡಾಕ್ಟರ್ ಅಲ್ಲ, ಕಾಮರ್ಸ್ ಓದಿದವನು. ಹಾಗಾಗಿ ಲೆಕ್ಕ ನೋಡಿದೆ. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರ 3 ವರ್ಷದಲ್ಲಿ ಮಸಾಜ್ ಪಡೆದ 1,290 ರೋಗಿಗಳ ವಿವರವನ್ನ 2004ರಲ್ಲಿ ಪ್ರಕಟಿಸಿತು. ಮಸಾಜ್‌ಗೆ ಮುಂಚೆ ಮತ್ತು ನಂತರ ರೋಗಿಗಳೇ ಕೊಟ್ಟ ಅಂಕಗಳಲ್ಲಿ ಆತಂಕ, ನೋವು, ಸುಸ್ತು ಮುಂತಾದವು ಸುಮಾರು ಅರ್ಧಕ್ಕೆ ಇಳಿದಿದ್ದವು. ಬರೀ ಪಾದದ ಮಸಾಜ್ ಮಾಡಿಸಿಕೊಂಡವರೂ ಅದರಲ್ಲಿದ್ದರು. ಆದರೆ ಮಸಾಜ್ ಪಡೆಯದವರ ಜೊತೆ ಹೋಲಿಕೆ ಇರಲಿಲ್ಲ, ಅದನ್ನೂ ನೆನಪಿಡಿ. ಇದು ಮನಸ್ಸಿಗೆ ಸಮಾಧಾನ ಕೊಡಬಹುದು, ಕ್ಯಾನ್ಸರ್ ವಾಸಿ ಮಾಡಲ್ಲ.

ನಮ್ಮ ಕಡೆ ಬಾಣಂತಿಗೆ, ಕೂಸಿಗೆ ಎಣ್ಣೆ ಹಚ್ಚಿ ತಿಕ್ಕೋ ಅಜ್ಜಿಯರಿಗೆ ಕೊರತೆ ಇಲ್ಲ. ಜೋರಾಗಿ ತಿಕ್ಕಿದ್ರೇನೇ ಮೈ ಹಗುರ ಅನ್ನೋ ನಂಬಿಕೆ. ಇಲ್ಲಿ ಆ ಜೋರು ಬೇಡ. ಕೀಮೋದಿಂದ ಪ್ಲೇಟ್‌ಲೆಟ್ ಇಳಿದಿದ್ರೆ ಒತ್ತಿದ ಜಾಗದಲ್ಲಿ ರಕ್ತ ಕಂದುಗಟ್ಟಬಹುದು. ಗಡ್ಡೆ ಇರುವ ಜಾಗ, ಆಪರೇಷನ್ ಗಾಯ, ಕೀಮೋ ಪೋರ್ಟ್, ರೇಡಿಯೇಷನ್ ಬಿದ್ದ ಚರ್ಮ, ಇವನ್ನ ಬಿಟ್ಟುಬಿಡಿ. ಒಂದೇ ಕಾಲು ಬಾತು, ಬಿಸಿಯಾಗಿ ನೋಯ್ತಿದ್ರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಕ್ಯಾನ್ಸರ್ ಮೂಳೆಗೆ ಹರಡಿದ್ರೆ ಇನ್ನೂ ಹುಷಾರು.

ಹಾಗಾದ್ರೆ ಏನು ಮಾಡಬಹುದು? ಮೊದಲು ಚಿಕಿತ್ಸೆ ಕೊಡ್ತಿರೋ ವೈದ್ಯರನ್ನ ಕೇಳಿ. ಅವರು ಸರಿ ಅಂದ್ರೆ ಕೈ ತೊಳ್ಕೊಳ್ಳಿ, "ಕಾಲು ನೀವಲಾ?" ಅಂತ ಕೇಳಿ. ಮುಖಕ್ಕೆ ಕ್ರೀಮ್ ಹಚ್ಚುವಷ್ಟೇ ಒತ್ತಡದಲ್ಲಿ ಪಾದವನ್ನೋ ಅಂಗೈಯನ್ನೋ ಒಂದು 10 ನಿಮಿಷ ನೀವಿ. ಸಾಕು ಅಂದ್ರೆ ನಿಲ್ಲಿಸಿ. ಫೋನ್ ಆ ಕಡೆ ಇಡಿ.

ಆತಂಕ ಊಟ, ನಿದ್ದೆ ಕೆಡಿಸ್ತಿದ್ರೆ ಅಥವಾ ಚಿಕಿತ್ಸೆನೇ ಬೇಡ ಅನ್ನಿಸ್ತಿದ್ರೆ ಮಸಾಜ್ ಒಂದೇ ಸಾಲದು. ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಈ ಕಂತನ್ನ ಆಸ್ಪತ್ರೆಗೆ ಓಡಾಡ್ತಿರೋ ಯಾರಾದ್ರೂ ಗೊತ್ತಿದ್ರೆ ಅವರ ಮನೆಯವರಿಗೆ ಕಳಿಸಿ. ಮತ್ತೆ ಸಿಗೋಣ.