ಡಿ ಜೀವಸತ್ವ ಮೈಯಲ್ಲಿ ಎಷ್ಟು ದಿನ ಉಳಿಯುತ್ತದೆ?



ತಿಂದ ಆಹಾರದ ಸುಣ್ಣದ ಅಂಶ ಮೈಗೆ ಹತ್ತಿ ಎಲುಬು ಗಟ್ಟಿಯಾಗಬೇಕಾದರೆ ಡಿ ಜೀವಸತ್ವ ಬೇಕು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಚರ್ಮಕ್ಕೆ ಬಿಸಿಲು ತಾಗಿದಾಗ ಹುಟ್ಟುವುದು ಡಿ-3. ಮೀನಿನಲ್ಲಿ, ಮೊಟ್ಟೆಯ ಹಳದಿಯಲ್ಲಿ ಇರುವುದೂ ಇದೇ. ಬಿಸಿಲಿಗೆ ಹರಡಿದ ಅಣಬೆಯಲ್ಲಿ, ಬಿಸಿಲಲ್ಲಿ ಒಣಗಿಸಿದ ಹುಲ್ಲಿನಲ್ಲಿ ಸಿಗುವುದು ಡಿ-2.

ಇವು ಎಷ್ಟು ದಿನ ಇರುತ್ತವೆ ಅಂತೀರಾ? ರಾಗಿಯ ಲೆಕ್ಕದಲ್ಲೇ ಹೇಳುತ್ತೇನೆ. ಹಿಂದೆ ಹಗೇವಿಗೆ ತುಂಬಿದ ರಾಗಿ ವರ್ಷಗಟ್ಟಲೆ ಇರುತ್ತಿತ್ತು. ಬೀಸಿದ ಹಿಟ್ಟು ಕೆಲವು ವಾರ ಬರುತ್ತದೆ. ಮುದ್ದೆಯೋ, ರಾತ್ರಿ ಕಟ್ಟಿದ್ದು ಬೆಳಗಾದರೆ ತಂಗಳು.

ಮೈಯೊಳಗೂ ಹಾಗೆಯೇ. ಹೊಸದಾಗಿ ಬಂದ ಜೀವಸತ್ವ ರಕ್ತದಲ್ಲಿ ಸುಮಾರು ಒಂದು ದಿನ ಓಡಾಡುತ್ತದೆ. ಒಂದು ಪಾಲು ಕೊಬ್ಬಿಗೆ ಸೇರಿ ತಿಂಗಳುಗಟ್ಟಲೆ ದಾಸ್ತಾನಾಗಿರುತ್ತದೆ. ಇನ್ನೊಂದು ಪಾಲನ್ನು ಯಕೃತ್ತು, ಅಂದರೆ ಲಿವರ್, ಬೇರೆ ರೂಪಕ್ಕೆ ತರುತ್ತದೆ. ಇದೇ ನಮ್ಮ ಹಿಟ್ಟು. ಇದು ಅರ್ಧಕ್ಕೆ ಇಳಿಯಲು 2-3 ವಾರ ಬೇಕು. ರಕ್ತಪರೀಕ್ಷೆಯಲ್ಲಿ ಅಳೆಯುವುದೂ ಇದನ್ನೇ. ಡಿ-2ರಿಂದ ಆದದ್ದು ಡಿ-3ರದಕ್ಕಿಂತ ತುಸು ಬೇಗ ಮುಗಿಯುತ್ತದೆ. ಕೊನೆಗೆ ಮೂತ್ರಪಿಂಡ ಬೇಕಾದಷ್ಟನ್ನೇ ತೆಗೆದುಕೊಂಡು ಕೆಲಸಕ್ಕೆ ಬರುವ ರೂಪ ಕೊಡುತ್ತದೆ. ಅದರ ಆಯುಸ್ಸು ಕೆಲವೇ ಗಂಟೆ.

ಈ ಲೆಕ್ಕ ನಮಗೇಕೆ? ಕೊರತೆ ಇದ್ದವರಿಗೆ ಡಾಕ್ಟರು 60,000 ಯೂನಿಟ್ಟಿನ ಪುಡಿ ಅಥವಾ ಗುಳಿಗೆಯನ್ನು ವಾರಕ್ಕೊಂದರಂತೆ ಬರೆದುಕೊಡುವುದುಂಟು. ಬೇಗ ಗುಣವಾಗಲಿ ಅಂತ ಅದನ್ನು ದಿನಾ ತಗೋಬೇಡಿ. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕರಿಗೆ ಹೇಳಿದ ಪ್ರಮಾಣ ದಿನಕ್ಕೆ 600 ಯೂನಿಟ್. ಅಂದರೆ ಒಂದು ಪೊಟ್ಟಣ 100 ದಿನದ ಪಾಲು! ಮೊದಲಿನದು ಕರಗುವ ಮುಂಚೆ ಮತ್ತೆ ಮತ್ತೆ ಸುರಿದರೆ ರಕ್ತದಲ್ಲಿ ಸುಣ್ಣದ ಅಂಶ ಏರುತ್ತದೆ. ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ ಬರುತ್ತವೆ, ಮೂತ್ರಪಿಂಡವೂ ಕೆಡಬಹುದು. ಔಷಧಿ ನಿಲ್ಲಿಸಿದ ಮಾತ್ರಕ್ಕೆ ಮರುದಿನವೇ ಸರಿಹೋಗುವುದಿಲ್ಲ. ಕೊಬ್ಬಿನಲ್ಲಿ ಕೂತದ್ದು ಇಳಿಯಲು ತಿಂಗಳುಗಳೇ ಹಿಡಿದಾವು.

ಬಿಸಿಲಿನಿಂದ ಈ ಭಯವಿಲ್ಲ. ಹೆಚ್ಚಾದದ್ದನ್ನು ಚರ್ಮದಲ್ಲೇ ಬಿಸಿಲು ಒಡೆದುಹಾಕುತ್ತದೆ. ಹೊಲದಲ್ಲಿ ದುಡಿಯುವವರಿಗೆ ಬಿಸಿಲಿಗೆ ಬರವಿಲ್ಲ. ಮನೆಯೊಳಗೇ ಇರುವ ಮುದುಕರು, ಬಾಣಂತಿಯರು, ಬೀಡಿ ಕಟ್ಟುವ ಹೆಂಗಸರು ಮಾತ್ರ ನೆನಪಿಡಬೇಕು. ನಡುಹಗಲಿನ ಆಸುಪಾಸಿನಲ್ಲಿ ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ, ಚರ್ಮ ಸುಡುವಷ್ಟಲ್ಲ. ಗಾಜಿನ ಕಿಟಕಿಯ ಹಿಂದೆ ಕೂತರೆ ಪ್ರಯೋಜನವಿಲ್ಲ.

ಬಿಸಿಲನ್ನು ದಿನವೂ ಪಡೆಯಿರಿ, ಪುಡಿಯನ್ನು ಡಾಕ್ಟರು ಹೇಳಿದ ದಿನ ಮಾತ್ರ ತೆಗೆದುಕೊಳ್ಳಿ.