ಹಳೆ ಪಿಕಪ್ ಕೊಳ್ಳುವ ಮೊದಲು
(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಹಸು, ಹೊಲಿಗೆ ಯಂತ್ರದ ಜೊತೆಗೆ ಈಗ ಹಳೆ ಪಿಕಪ್ಪಿಗೂ ಸಂಘದಲ್ಲಿ ಸಾಲ ಕೇಳ್ತಿದ್ದೀರಿ. ಸಂತೋಷವೇ. ಆದರೆ ಗಾಡಿ ಗ್ಯಾರೇಜಿನಲ್ಲಿ ನಿಂತರೂ ಕಂತು ನಿಲ್ಲೋದಿಲ್ಲ. ಮನೆಯಲ್ಲಿ ಅಡವಿಡಲು ಉಳಿದಿರೋದು ಹೆಂಗಸರ ಕಿವಿಯೋಲೆ ಮಾತ್ರ.

2005ರಲ್ಲಿ ಬಂದ ಟಾಟಾ ಏಸ್‌ಗೆ ಎರಡೇ ಸಿಲಿಂಡರಿನ, ಸುಮಾರು 700 ಸಿಸಿಯ ಡೀಸೆಲ್ ಇಂಜಿನು. ಹೊರುವ ಭಾರ ಮುಕ್ಕಾಲು ಟನ್. ಅಷ್ಟೇ ಹೇರಿದರೆ ಗಟ್ಟಿ ಗಾಡಿ. ನಮ್ಮೋರು ಅದರ ಮೇಲೆ ಒಂದೂವರೆ ಟನ್ ಕಲ್ಲು ಹೇರ್ತಾರೆ! ಹಾಗಾಗಿ ಹಿಂದಿನ ಯಜಮಾನ ಏನು ಸಾಗಿಸ್ತಿದ್ದ ಅಂತ ಮೊದಲು ಕೇಳಿ. ಬಗ್ಗಿ ಕೆಳಗೆ ನೋಡಿ. ಸ್ಪ್ರಿಂಗ್ ಪ್ಲೇಟು ಚಪ್ಪಟೆಯಾಗಿದೆಯೇ? ಚಾಸಿಗೆ ವೆಲ್ಡಿಂಗ್ ಹಾಕಿ ಮೇಲೆ ಹೊಸ ಬಣ್ಣ ಬಳಿದಿದ್ದಾರೆಯೇ? ಮೀನು ಹೊತ್ತ ಗಾಡಿಗೆ ಉಪ್ಪುನೀರಿನ ತುಕ್ಕು ಬೇರೆ.

ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಕೆಲವರು ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿರ್ತಾರೆ, ಮುಟ್ಟಿ ನೋಡಿದರೆ ಗೊತ್ತಾಗುತ್ತೆ. ಆಮೇಲೆ ಭಾರ ಹಾಕಿ ಒಂದು ಏರು ಹತ್ತಿಸಿ. ಇಂಜಿನ್ ಕೂಗಿಯೂ ಗಾಡಿ ಏರದಿದ್ದರೆ ಕ್ಲಚ್ ಪ್ಲೇಟು ಸವೆದಿರಬಹುದು. ಅದು ತಾಳಿಕೊಳ್ಳುವ ಖರ್ಚು. ಬಿಸಿಯ ಮುಳ್ಳು ಮೇಲೇರಿದರೆ ರೇಡಿಯೇಟರ್, ಇಲ್ಲವೇ ಹೆಡ್ ಗ್ಯಾಸ್ಕೆಟ್ ಕೆಟ್ಟಿರಬಹುದು. ಅಂಥದ್ದನ್ನು ಬಿಟ್ಟುಬಿಡಿ.

ಇನ್ನು ಕಾಗದ. ಆರ್‌ಸಿಯಲ್ಲಿ ಹಳೆ ಸಾಲದ ನಮೂದಿದ್ದರೆ, ಸಾಲ ಕೊಟ್ಟವರ ಎನ್‌ಒಸಿ ನೋಡದೆ ಮುಂಗಡ ಕೊಡಬೇಡಿ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಗಾಡಿ ನೋಡಲು ಹೋಗುವಾಗ ನಿಮ್ಮ ಊರಿನ ಮೆಕ್ಯಾನಿಕ್‌ನನ್ನೇ ಕರೆದೊಯ್ಯಿರಿ. ಮಾರುವವರು ತೋರಿಸಿದವನು ಬೇಡ.