ಆಟೋ ಸ್ಟಾರ್ಟರ್ ಒಡ್ಡುವ ಪರೀಕ್ಷೆ

ದೊಡ್ಡಬಳ್ಳಾಪುರದ ಸುತ್ತಲ ಹಳ್ಳಿಗಳಲ್ಲಿ ತ್ರೀ ಫೇಸ್ ಕರೆಂಟ್ ಬಂದ ಗಳಿಗೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ರೈತ ಮಲಗಿರುತ್ತಾನೆ, ಆಟೋ ಸ್ಟಾರ್ಟರ್ ಎದ್ದಿರುತ್ತದೆ. ಒಂದು ಟಿ.ಸಿ.ಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಸೇರಿದ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೇ ಶುರುವಾಗುತ್ತವೆ. ಶುರುವಾಗುವಾಗ ಮೋಟಾರು ಎಳೆಯುವ ಕರೆಂಟು ಓಡುವಾಗಿನದರ ಐದಾರು ಪಟ್ಟು. ಟಿ.ಸಿ. ಒಮ್ಮೆ ಗುಂಯ್‌ಗುಟ್ಟಿ ತಡೆದುಕೊಳ್ಳುತ್ತದೆ. ಇವತ್ತಿನ ವಿಷಯ ಸಾಲಿಡ್ ಸ್ಟೇಟ್ ಟ್ರಾನ್ಸ್‌ಫಾರ್ಮರ್. ಅದನ್ನು ನಾನು ಅಳೆಯುವುದು ಈ ಗಳಿಗೆಯಿಂದಲೇ.

ಹಳೆಯ ಟಿ.ಸಿ. ಡಬ್ಬದೊಳಗೆ ಉಕ್ಕಿನ ಹಾಳೆಗಳ ದಿಂಡು, ಸುತ್ತಿದ ತಂತಿ, ಮುಳುಗುವಷ್ಟು ಎಣ್ಣೆ. 11,000 ವೋಲ್ಟ್ ಅಲ್ಲಿ 433 ಆಗುತ್ತದೆ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋದಾಗಲೂ ಇದೇ ತತ್ವ. ಡಬ್ಬ ಇಷ್ಟು ದಪ್ಪವಿರುವುದು ನಮ್ಮ ಕರೆಂಟು ಸೆಕೆಂಡಿಗೆ ಬರೀ 50 ಸಲ ಓಲಾಡುವುದರಿಂದ. ಓಲಾಟ 20,000ಕ್ಕೆ ಏರಿದರೆ ಒಂದೊಂದು ಸಲದ ಹೊರೆ ಇಳಿದು ಕೋರ್ ಚಿಕ್ಕದಾಗುತ್ತದೆ. ಹೊಸ ಯಂತ್ರ ಬಂದ ಎಸಿಯನ್ನು ಡಿಸಿ ಮಾಡಿ, ಅರೆವಾಹಕ ಸ್ವಿಚ್ಚುಗಳಿಂದ ಚೂರುಚೂರಾಗಿ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರ್ ದಾಟಿಸಿ, ಆಚೆ ಬದಿಯಲ್ಲಿ ಡಿಸಿಯನ್ನೋ ಎಸಿಯನ್ನೋ ಕೊಡುತ್ತದೆ. ಹೆಸರೇನೇ ಇರಲಿ, ಹೊಟ್ಟೆಯಲ್ಲಿ ಕೋರು, ತಂತಿ ಇದ್ದೇ ಇವೆ!

ಜನರಲ್ ಎಲೆಕ್ಟ್ರಿಕ್‌ನ ವಿಲಿಯಂ ಮೆಕ್‌ಮರ್ರೆ ಇದರ ಮೂಲ ಸರ್ಕ್ಯೂಟಿಗೆ 1970ರಲ್ಲೇ ಪೇಟೆಂಟ್ ಪಡೆದಿದ್ದರು. 2012ರಲ್ಲಿ ಜಿನೀವಾದಲ್ಲಿ ಎಬಿಬಿ ಕಂಪನಿ ಇದನ್ನು ಒಂದು ಶಂಟಿಂಗ್ ಇಂಜಿನ್ನಿನಲ್ಲಿ ಕೂರಿಸಿ ಓಡಿಸಿತು. ರೈಲಿಗೆ ಭಾರ ಇಳಿದರೆ ಲಾಭ. ನಮ್ಮ ಕಂಬಕ್ಕೆ ಆ ಚಿಂತೆಯಿಲ್ಲ.

ಹಾಗಾದರೆ ಹಳ್ಳಿಗೆ ಇದರಿಂದ ಏನು? ಸಿಂಗಲ್ ಫೇಸ್ ಹೊತ್ತಿನಲ್ಲಿ ಕೆಪಾಸಿಟರ್ ಹಾಕಿ ತ್ರೀ ಫೇಸ್ ಮೋಟಾರು ಓಡಿಸುವ ಕಲೆ ನಮ್ಮವರಿಗೆ ಗೊತ್ತು. ಟಿ.ಸಿ. ಸುಡುವುದಕ್ಕೆ ಅದೂ ಒಂದು ಕಾರಣ, ಒಂದು ಫೇಸಿನ ಮೇಲೆ ಭಾರ ವಾಲುತ್ತದೆ. ಹೊಸ ಯಂತ್ರ ಕೆಳಗೆ ಎಷ್ಟೇ ವಾಲಿದರೂ ಮೇಲಿನ 11 ಕೆವಿ ಲೈನಿನಿಂದ ಮೂರು ಫೇಸಿನಲ್ಲೂ ಸಮನಾಗಿ ಎಳೆಯಬಲ್ಲದು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯರೈತ ಯೋಜನೆಯ ಪಂಪ್‌ಸೆಟ್ಟುಗಳು ಮಿಕ್ಕ ಸೌರವಿದ್ಯುತ್ತನ್ನು ಗ್ರಿಡ್‌ಗೆ ಮಾರುವಂತೆ ಮಾಡಿದರಲ್ಲ, ಅಂಥ ಕಡೆ ಏರುವ ವೋಲ್ಟೇಜನ್ನೂ ಇದು ಹಿಡಿದಿಡುತ್ತದೆ.

ಆದರೆ ಆಟೋ ಸ್ಟಾರ್ಟರ್ ಪರೀಕ್ಷೆಯಲ್ಲಿ ಇದು ನಪಾಸು. ಎಣ್ಣೆ, ಉಕ್ಕು ಬಿಸಿಯಾಗಲು ಹೊತ್ತು ಬೇಕು; ಉಗುರಿನಷ್ಟು ಅರೆವಾಹಕ ಮಿಲಿಸೆಕೆಂಡುಗಳಲ್ಲಿ ಕಾಯುತ್ತದೆ. ಐದಾರು ಪಟ್ಟು ಕರೆಂಟು ಕೊಡಬೇಕೆಂದರೆ ಅಷ್ಟು ದೊಡ್ಡ ಸ್ವಿಚ್ಚೇ ಬೇಕು, ಅಷ್ಟೇ ದುಡ್ಡು. ಇಲ್ಲವೆಂದರೆ ಯಂತ್ರ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಕೆಟ್ಟರಂತೂ, ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಿ ಕಾಯಿಲ್ ಸುತ್ತಿಸಿ ತರುವ ಕೆಲಸವಲ್ಲ.

ಮೊದಲ ಯಂತ್ರ ಎಲ್ಲಿ ಎಂದು ನನ್ನನ್ನು ಕೇಳಿದರೆ ದೇವನಹಳ್ಳಿಯ ಏರ್‌ಪೋರ್ಟ್ ರಸ್ತೆಯಲ್ಲಿ, ವಿದ್ಯುತ್ ಕಾರು ಚಾರ್ಜ್ ಮಾಡುವ ಕಡೆ ಎನ್ನುತ್ತೇನೆ. ಕಾರಿನ ಬ್ಯಾಟರಿಗೆ ಬೇಕಾದದ್ದೇ ಡಿಸಿ. 11 ಕೆವಿಯಿಂದ ನೇರ ಡಿಸಿ ಸಿಕ್ಕರೆ ನಡುವಿನ ಟಿ.ಸಿ.ಯೂ ಬೇಡ, ದೊಡ್ಡ ಬೀರುವಿನಂಥ ರೆಕ್ಟಿಫೈಯರೂ ಬೇಡ. ಚಾರ್ಜರ್ ಎಷ್ಟು ಕೇಳಬೇಕೆಂಬುದನ್ನು ಮೊದಲೇ ಗೊತ್ತುಮಾಡಬಹುದು, ಅದು ಮೋಟಾರಿನ ಹಾಗೆ ಏಕಾಏಕಿ ಎಳೆಯುವುದಿಲ್ಲ.

ಹೊಲದ ಟಿ.ಸಿ. ಸದ್ಯ ಇದ್ದಲ್ಲೇ ಇರಲಿ. ಅಂದ ಹಾಗೆ, ಎಷ್ಟೋ ಆಟೋ ಸ್ಟಾರ್ಟರುಗಳಲ್ಲಿ ತಡವಾಗಿ ಶುರುಮಾಡುವ ಟೈಮರ್ ಇರುತ್ತದೆ. ಅಕ್ಕಪಕ್ಕದ ಹೊಲದವರು ಒಂದೊಂದು ನಿಮಿಷ ಹಿಂದೆಮುಂದೆ ಇಟ್ಟುಕೊಂಡರೆ ಆ ಗುಂಯ್ ಸದ್ದು ಇಳಿಯುತ್ತದೆ. ಇಲ್ಲಿರುವವರಲ್ಲಿ ಆ ಟೈಮರ್ ಒಮ್ಮೆಯಾದರೂ ತಿರುಗಿಸಿದವರು ಕೈ ಎತ್ತಿ, ನೋಡೋಣ.